ಒಲೆ ಆರಿದ ಮನೆ

ಲಾಸ್ ಏಂಜಲಿಸ್‌ನಿಂದ ಪಸಡೀನಾದ ಕಡೆ ಹೋಗುವ ಹೆದ್ದಾರಿಯ ಬದಿಗೆ ಹೆರಿಟೇಜ್ ಸ್ಕ್ವೇರ್ ಅಂತೊಂದು ಜಾಗ ಇದೆ ನೋಡಿ. ಕೆಡವಬೇಕೆಂದಿದ್ದ ಹಳೇ ಕಾಲದ ಮನೆಗಳನ್ನು ಎತ್ತಿ ತಂದು ಅಲ್ಲಿ ನಿಲ್ಲಿಸಿದ್ದಾರೆ. ಮೊದಲು ಬಂದವು ಅದೇ ನಗರದ ಬಂಕರ್ ಹಿಲ್‌ನ ಎರಡು ಮನೆಗಳು, 1969ರಲ್ಲಿ. ಅದೇ ಅಕ್ಟೋಬರಿನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಎರಡೂ ಬೂದಿಯಾದವು. ಉಳಿದವು ಆಮೇಲೆ ಬಂದವು. ಅವುಗಳಲ್ಲೊಂದರ ಬಾಗಿಲು ತೆರೆದಾಗ ಒಣಮರದ, ಹಳೇ ಬಟ್ಟೆಯ, ಗಾಳಿಯಾಡದ ಮೂಲೆಯ ವಾಸನೆ ಬಂತಲ್ಲ, ಹೊಸ್ತಿಲಲ್ಲೇ ನಿಂತುಬಿಟ್ಟೆ. ಸಿದ್ದಾಪುರ ತಾಲೂಕಿನ ನಮ್ಮ ಮನೆಯ ಅಟ್ಟದ ವಾಸನೆಯೇ; ಹೊಗೆಯೊಂದು ಕಮ್ಮಿ.

ಆ ಅಟ್ಟದ ಕೆಳಗೆ, ಚಳಿಗಾಲದ ರಾತ್ರಿ, ಕೇರಿಯವರೆಲ್ಲ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರೆ, ಕರಕ್ ಕರಕ್ ಸದ್ದಿನ ನಡುವೆ ಯಾರದೋ ಮದುವೆ, ಯಾರದೋ ಜಗಳ, ಮೊನ್ನೆಯ ಯಕ್ಷಗಾನದ ಕಥೆ ಸಾಗುತ್ತಿರಲು, ಚೊಗರಿನ ಬಣ್ಣ ಹತ್ತಿದ ಕೈಯಲ್ಲೇ ದೊಡ್ಡಮ್ಮ ಕೊಟ್ಟ ಕಷಾಯ ಕುಡಿದು ನಾನು ಅಲ್ಲೇ ಗೋಣಿಯ ಮೇಲೆ ನಿದ್ದೆಹೋಗುತ್ತಿದ್ದೆ.

ಈಗ ಆ ಮನೆಯಲ್ಲಿ ದೊಡ್ಡಮ್ಮ ಒಬ್ಬಳೇ. ಅಡಿಕೆಗೆ ಕೊಳೆರೋಗ ಬಂತು, ಕೊನೆ ಕೊಯ್ಯುವವರು ಸಿಗದಾದರು, ಮಕ್ಕಳಿಲ್ಲದೆ ಶಾಲೆ ಮುಚ್ಚಿತು. ನಾವೆಲ್ಲ ಓದಿ ಬೆಂಗಳೂರಿಗೆ ಹೋದೆವು, ಅಲ್ಲಿಂದ ಇಲ್ಲಿಗೆ. ಇದೇ ಲಾಸ್ ಏಂಜಲಿಸ್‌ನ ಚಾವೆಜ್ ರವೀನ್‌ನಲ್ಲಿ ಕೊನೆಗುಳಿದಿದ್ದ ಮೆಕ್ಸಿಕನ್ ಮೂಲದ ಕುಟುಂಬಗಳನ್ನು 1959ರಲ್ಲಿ ಪೊಲೀಸರು ಎತ್ತಿ ಹೊರಗೆ ಹಾಕಿದ್ದರು. ಅಲ್ಲೀಗ ಡಾಡ್ಜರ್ ಸ್ಟೇಡಿಯಂ. ನಮ್ಮನ್ನು ಯಾರೂ ಹೊರಗೆ ಹಾಕಲಿಲ್ಲ. ನಾವಾಗಿಯೇ ಬಂದೆವು.

ಪಾಳುಬಿದ್ದ ಮನೆಯನ್ನು ನಿಂತಲ್ಲೇ ಉಳಿಸಿಕೊಂಡವರೂ ಇದ್ದಾರೆ. ಸ್ಯಾನ್ ಡಿಯಾಗೋದ ಹಳೇ ಊರಿನಲ್ಲಿ 1827ರ ಎಸ್ತುದೀಯೊ ಮನೆಯಿದೆ. ಪಾಳುಬಿದ್ದಿದ್ದ ಅದನ್ನು 1910ರಲ್ಲಿ ಹೇಜಲ್ ವಾಟರ್‌ಮನ್ ಎಂಬ ವಾಸ್ತುಶಿಲ್ಪಿ ಹಳೇ ಪದ್ಧತಿಯ ಹಸಿ ಇಟ್ಟಿಗೆಯಲ್ಲೇ ಎತ್ತಿ ನಿಲ್ಲಿಸಿದರು. ಆ ಮಣ್ಣಿನ ಗೋಡೆಗೆ ಅಂಗೈ ಇಟ್ಟೆ. ನಮ್ಮ ಜಗಲಿ ಗೋಡೆಯ ಹಾಗೇ ತಣ್ಣಗಿತ್ತು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರೂ ಬಿಚ್ಚಿ ತಂದ ಮನೆಗಳನ್ನು ಕಂಬಕ್ಕೆ ಕಂಬ ಸೇರಿಸಿ ಮತ್ತೆ ಕಟ್ಟಿದರು. ದೊಡ್ಡ ಕೆಲಸ. ಆದರೆ ಊರೂರಿನ ಮನೆಗಳನ್ನೆಲ್ಲ ಹಾಗೆ ಹೊತ್ತುಕೊಂಡು ಹೋಗಲು ಆಗುವುದಿಲ್ಲವಲ್ಲ.

ಮೊನ್ನೆ ಫೋನಿನಲ್ಲಿ ದೊಡ್ಡಮ್ಮ, "ಗ್ಯಾಸ್ ಬಂದ ಮೇಲೆ ಹೊಗೆ ಇಲ್ಲೆ, ಅಟ್ಟಕ್ಕೆ ಒರಲೆ ಹತ್ತಿದ್ದು. ನೀ ಯಾವಾಗ ಬತ್ತೆ ಮಾಣಿ?" ಅಂದಳು. ಒಬ್ಬಳಿಗೋಸ್ಕರ ಯಾರು ಸೌದೆ ಒಲೆ ಹಚ್ಚುತ್ತಾರೆ?

ದೀಪಾವಳಿಗೆ ಟಿಕೆಟ್ ಮಾಡಿಸಿದ್ದೇನೆ. ನಿಮಗೂ ಊರಲ್ಲಿ ಅಂಥದ್ದೊಂದು ಮನೆಯಿದ್ದರೆ, ಅದರಲ್ಲಿ ಇನ್ನೂ ಒಬ್ಬರಿದ್ದರೆ, ಈ ವರ್ಷವೇ ಹೋಗಿ ಹದಿನೈದು ದಿನ ಒಲೆ ಹಚ್ಚಿ ಬನ್ನಿ.