ಪೇಟಿಯೊಳಗಿನ ಪುಟ್ಟ ಗಣಕ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಕಡೆ ಹಾರ್ಮೋನಿಯಮ್ಮಿಗೆ ‘ಪೇಟಿ’ಯೆಂದೇ ಹೆಸರು, ನುಡಿಸುವವನು ಪೇಟಿ ಮಾಸ್ತರ. ವಾದ್ಯವನ್ನು ಅದರ ಪೆಟ್ಟಿಗೆಯಿಂದಲೇ ಗುರುತಿಸಿದ ಸೀಮೆಯಿದು. ಅಂಗೈಯಗಲದ ಗಣಕದಿಂದ ಸಿಂಥಸೈಜರ್ ಕಟ್ಟಹೊರಟ ತರುಣನು ಮಾತ್ರ ಪೆಟ್ಟಿಗೆಯ ಚಿಂತೆಯನ್ನು ಕೊನೆಗೆ ನೂಕುವುದುಂಟು.

2019ರಲ್ಲಿ ಬಂದ ರಾಸ್ಪ್‌ಬೆರಿ ಪೈ ನಾಲ್ಕನೆಯ ಮಾದರಿಯ ಫಲಕ 85 ಮಿಲಿಮೀಟರ್ ಉದ್ದ, 56 ಅಗಲ. ಇಷ್ಟಕ್ಕೆ ದುಬಾರಿಯ ಕವಚವೇಕೆ? ಬಡಗಿಯ ಬಳಿ ಮಿಕ್ಕ ಪ್ಲೈವುಡ್ ತುಂಡುಗಳು ಸಾಕು. ಗೋಡೆಗೆ ಕೂರಿಸುವ ಪ್ಲಾಸ್ಟಿಕ್ ಸ್ವಿಚ್ ಪೆಟ್ಟಿಗೆಯೂ ಆದೀತು. ಉಕ್ಕಿನ ಬುತ್ತಿ ಡಬ್ಬಿ ನೋಡಲು ಚೆಲುವೇನೋ ಹೌದು. ಆದರೆ ಫಲಕದ ಬೆನ್ನು ಲೋಹಕ್ಕೆ ತಾಗಿತೋ, ಸಂಗೀತವೂ ಹೋಯಿತು, ಹಣವೂ ಹೋಯಿತು! ನಡುವೆ ಪ್ಲಾಸ್ಟಿಕ್ಕಿನ ಪುಟ್ಟ ಕಾಲುಗಳಿರಲೇಬೇಕು.

ನಿಜವಾದ ವೈರಿ ಕಾವು. ಚಿಪ್ಪು 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಶಿಶುನಾಳ ಶರೀಫರ ತತ್ತ್ವಪದಗಳನ್ನು ಬೆಳತನಕ ಹಾಡುವ ಮೇಳದಲ್ಲಿ, ಪಲ್ಲವಿಯ ನಡುವೆಯೇ ಸ್ವರ ಕಡಿದು ಕಡಿದು ಬಂದರೆ ನುಡಿಸುವವನ ಮುಖವೆಲ್ಲಿ? ಪಂಖ ಕೂರಿಸಿದರೆ ಅದರ ಗೊರಗೊರವೇ ಇನ್ನೊಂದು ಶ್ರುತಿಯಾದೀತು. ಅಡಿಯಲ್ಲಿ ಒಂದು ಸಾಲು, ನೆತ್ತಿಯಲ್ಲಿ ಒಂದು ಸಾಲು ತೂತು ಕೊರೆದು, ಚಿಪ್ಪಿನ ಮೇಲೆ ಅಲ್ಯೂಮಿನಿಯಮ್ಮಿನ ತುಣುಕೊಂದನ್ನು ಅಂಟಿಸಿದರೆ, ಬಿಸಿಗಾಳಿ ಸದ್ದಿಲ್ಲದೆ ಮೇಲೇರಿ ಹೊರಟುಹೋಗುವುದು.