ಬಾಗಿಲಿಲ್ಲದ ಕೊಟ್ಟಿಗೆ

ಮನೆಗೆ ಹೊಸ ಟೀವಿ ಬಂದ ದಿನ ಎಲ್ಲರ ಕಣ್ಣು ಟೀವಿಯ ಮೇಲಿದ್ದರೆ, ನನ್ನ ಕಣ್ಣು ಅದರ ಪೆಟ್ಟಿಗೆಯೊಳಗಿನ ಥರ್ಮಾಕೋಲಿನ ಮೇಲಿತ್ತು. ಆ ಬಿಳಿ ತುಂಡಿನಲ್ಲಿ ನನಗೆ ಗೋಡೆ ಕಾಣುತ್ತದೆ, ಕಿಟಕಿ ಕಾಣುತ್ತದೆ, ಗುಂಡು ತಾಗಿ ಉದುರಿದ ಗಾರೆಯೂ ಕಾಣುತ್ತದೆ. "ಇದು ಬೇಕೇನ್ರೀ?" ಎಂದು ಕೇಳಿಯೇ ನನ್ನಾಕೆ ಕಸಕ್ಕೆ ಹಾಕುವುದು. ಬೇಕು. ಯಾವತ್ತಿಗೂ ಬೇಕು.

ಯುದ್ಧದ ಒಂದು ಗಳಿಗೆಯನ್ನು ಮೇಜಿನ ಮೇಲೆ ಪುಟ್ಟದಾಗಿ ಕಟ್ಟಿ ನಿಲ್ಲಿಸುವುದಕ್ಕೆ ಡಯೋರಾಮಾ ಎನ್ನುತ್ತಾರೆ. ಸೈನಿಕರು, ಕುದುರೆಗಳು, ಫಿರಂಗಿಗಳು ಕಿಟ್‌ಗಳಲ್ಲಿ ಸಿಗುತ್ತವೆ. ಮನೆಗಳೂ ಸಿಗುತ್ತವೆ. ಆದರೆ ಮನೆಯನ್ನು ಮಾತ್ರ ಕೈಯಾರೆ ಕಟ್ಟಬೇಕೆನ್ನುವುದು ನನ್ನ ಹಟ. ಸೈನಿಕ ಆ ಊರಿಗೆ ಬಂದು ಹೋಗುವವನು. ಮನೆ ಅವನಿಗಿಂತ ಮೊದಲೇ ಅಲ್ಲಿತ್ತು, ಅವನು ಹೋದ ಮೇಲೂ ಇರಬೇಕು.

ಕಟ್ಟುವುದಕ್ಕೆ ಮೊದಲು ಲೆಕ್ಕ. ನನ್ನದು 1/72 ಅಳತೆ. ಆರಡಿಯ ಆಳು ಸರಿಯಾಗಿ ಒಂದಂಗುಲ. ಆರಂಗುಲದ ಮೆಟ್ಟಿಲು ಎರಡೇ ಮಿಲಿಮೀಟರ್. ಕಣ್ಣಂದಾಜಿನಲ್ಲಿ ಐದು ಮಿಲಿಮೀಟರ್ ಕತ್ತರಿಸಿದಿರೋ, ಆ ಬಡಪಾಯಿ ಸೈನಿಕ ಒಂದಡಿಗೂ ಮಿಕ್ಕಿದ ಮೆಟ್ಟಿಲು ಹತ್ತಬೇಕಾಗುತ್ತದೆ. ನೋಡುವವರಿಗೆ ತಪ್ಪು ಎಲ್ಲಿದೆ ಎಂದು ಗೊತ್ತಾಗದಿದ್ದರೂ ಇದು ಆಟಿಕೆ ಎಂದು ಮನಸ್ಸು ಹೇಳಿಬಿಡುತ್ತದೆ.

ಗೋಡೆಯ ಒಳಗೆ ಥರ್ಮಾಕೋಲ್, ಹೊರಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ತೆಳು ಲೇಪ. ಹಸಿ ಆರುವ ಮೊದಲೇ ಸೂಜಿಯಲ್ಲಿ ಕಲ್ಲಿನ ಸಂದುಗಳನ್ನು ಗೀರಬೇಕು. ಪೂರ್ತಿ ಒಣಗಿದರೆ ಅಂಚು ಪುಡಿಯಾಗುತ್ತದೆ. ತೊಲೆಗೆ ಐಸ್‌ಕ್ರೀಂ ಕಡ್ಡಿ, ಹೆಂಚಿಗೆ ರಟ್ಟು. ಒಮ್ಮೆ ನಾಲ್ಕು ದಿನ ಕೂತು ಕೊರೆದ ಬರಿಯ ಥರ್ಮಾಕೋಲ್ ಗೋಡೆಗೆ ಅವಸರದಲ್ಲಿ ಸ್ಪ್ರೇ ಬಣ್ಣ ಹೊಡೆದೆ. ಅದರಲ್ಲಿದ್ದ ದ್ರಾವಕ ಥರ್ಮಾಕೋಲನ್ನು ಕರಗಿಸಿತು, ಗೋಡೆ ಕಣ್ಣೆದುರೇ ಕುಸಿಯಿತು. ಅಂದಿನಿಂದ ನೀರಲ್ಲಿ ಕದಡುವ ಅಕ್ರಿಲಿಕ್ ಬಣ್ಣವೇ ಸೈ.

ಅವಸರ ಎಂದಾಗ ಅದನ್ನೇ ಅರಿಯದ ವಿಲಿಯಂ ಸೈಬೋರ್ನ್ ನೆನಪಾಗುತ್ತಾನೆ. ವಾಟರ್ಲೂ ಯುದ್ಧದ ಮಾದರಿ ಮಾಡಲು ಹೊರಟ ಈ ಬ್ರಿಟಿಷ್ ಸೇನಾಧಿಕಾರಿ 1830ರಲ್ಲಿ ಬೆಲ್ಜಿಯಂಗೆ ಹೋಗಿ, ರಣರಂಗದ ನಡುವೆಯೇ ಇದ್ದ ಲಾ ಹೇ ಸೇಂಟ್ ಎಂಬ ತೋಟದ ಮನೆಯಲ್ಲಿ ಸುಮಾರು ಎಂಟು ತಿಂಗಳು ಉಳಿದು ಆ ನೆಲವನ್ನು ಅಳೆದ. ಮೈಲಿಗೆ ಒಂಬತ್ತು ಅಡಿಯಂತೆ ಅವನು ಕಟ್ಟಿದ ಮಾದರಿಯನ್ನು 1838ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಜನ ನೋಡಿದರು. ಪುಟ್ಟ ಲೋಹದ ಸೈನಿಕರೇ 70,000ಕ್ಕೂ ಹೆಚ್ಚು. ಈಗ ಅದು ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ.

ನಾನು ಕಟ್ಟಿದ್ದೂ ಅದೇ ಲಾ ಹೇ ಸೇಂಟನ್ನು. ಅಂಗಳದ ಸುತ್ತ ವಾಸದ ಮನೆ, ಲಾಯ, ದೊಡ್ಡ ಕೊಟ್ಟಿಗೆ. ಕೊಟ್ಟಿಗೆಗೆ ಬಾಗಿಲು ಮಾಡಿ, ಹಲಗೆಯ ಗೆರೆ ಮೂಡಿಸಿ, ಕಬ್ಬಿಣದ ಪಟ್ಟಿಯನ್ನೂ ಅಂಟಿಸಿದ್ದೆ. ಆಮೇಲೆ ಓದಿದೆ: 1815ರ ಜೂನ್ 17ರ ರಾತ್ರಿ ಸುರಿವ ಮಳೆಯಲ್ಲಿ ನಡುಗುತ್ತಿದ್ದ ಸೈನಿಕರು ಹೊಲದ ಕಡೆಗಿದ್ದ ಆ ಬಾಗಿಲನ್ನೇ ಸೌದೆಯಾಗಿ ಉರಿಸಿಬಿಟ್ಟಿದ್ದರು. ಮರುದಿನ ಫ್ರೆಂಚರು ನುಗ್ಗಲು ನೋಡಿದ್ದು ಅದೇ ಬಾಯಿಯಿಂದ. ಬ್ರಿಟಿಷರ ಕಡೆಯಿಂದ ಕಾದುತ್ತಿದ್ದ ಮೇಜರ್ ಬಾರಿಂಗನ ಜರ್ಮನ್ ಪಡೆ ಅಲ್ಲಿ ಎದೆಕೊಟ್ಟು ನಿಂತಿತು. ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಅಡುಗೆಯ ಪಾತ್ರೆಗಳಲ್ಲಿ ಅಂಗಳದ ಹೊಂಡದ ನೀರು ತಂದು ಆರಿಸಿದರು. ಸಂಜೆಗೆ ಮದ್ದುಗುಂಡು ಮುಗಿದು ಮನೆ ಕೈತಪ್ಪಿತು.

ಮೂರು ಸಂಜೆ ಕೂತು ಮಾಡಿದ ಬಾಗಿಲನ್ನು ನಾನು ಕಿತ್ತು ತೆಗೆದೆ. ಮನಸ್ಸಿಗೆ ನೋವಾಗಲಿಲ್ಲ. ಖಾಲಿ ಚೌಕಟ್ಟು ನಿಂತ ಮೇಲೆಯೇ ಇಡೀ ದೃಶ್ಯಕ್ಕೆ ಜೀವ ಬಂತು. ಚಳಿಗೆ ಸಿಕ್ಕವನ ಒಂದು ರಾತ್ರಿಯ ಬಿಸಿ, ಮರುದಿನ ಎಷ್ಟು ಜನರ ಪ್ರಾಣದ ಪ್ರಶ್ನೆಯಾಯಿತು!

ಕೆಡವುವುದರಲ್ಲೂ ನಿಯತ್ತು ಬೇಕು. ಮುರಿದ ಮನೆ ಬೇಕೆಂದು ಮುರುಕನ್ನೇ ಕಟ್ಟಬಾರದು. ಮೊದಲು ಇಡೀ ಮನೆ ಕಟ್ಟಬೇಕು; ಅಟ್ಟ ಎಲ್ಲಿ, ಒಲೆ ಎಲ್ಲಿ, ಹೊಗೆಗೂಡು ಯಾವ ಗೋಡೆಯಲ್ಲಿ ಎಂದು ತಿಳಿದಿರಬೇಕು. ಆಮೇಲೆ ಮುರಿಯಬೇಕು. ಗೋಡೆಯಿಂದ ಎಷ್ಟು ಕಲ್ಲು ಹೋಯಿತೋ ಅಷ್ಟೂ ಕೆಳಗೆ ಬಿದ್ದಿರಬೇಕು, ತೊಲೆ ಅದರ ಮೇಲೆ ಒರಗಿರಬೇಕು. ಅಷ್ಟಾದರೆ ನೋಡುವವರಿಗೆ ಕಲ್ಲಿನ ರಾಶಿ ಕಾಣುವುದಿಲ್ಲ, ಯಾರೋ ಕಳಕೊಂಡ ಮನೆ ಕಾಣುತ್ತದೆ.

ಲಾ ಹೇ ಸೇಂಟ್ ಇಂದಿಗೂ ರಸ್ತೆಯ ಪಕ್ಕದಲ್ಲಿ ನಿಂತಿದೆ. ಎಲ್ಲ ಮನೆಗಳಿಗೂ ಆ ಭಾಗ್ಯವಿಲ್ಲ. ಎಲ್ಲಾದರೂ ಯುದ್ಧದ ಮಾದರಿ ಕಂಡರೆ ಕತ್ತಿ ಫಿರಂಗಿಗಳನ್ನು ಆಮೇಲೆ ನೋಡಿ. ಮೊದಲು ಹಿಂದೆ ನಿಂತಿರುವ ಮನೆಯನ್ನು ನೋಡಿ, ಅದರ ಒಲೆಯನ್ನು ಹುಡುಕಿ.