ಮ್ಯಾಂಚೆಸ್ಟರ್ ಜಿಟಿಜಿಟಿಯಲ್ಲಿ ಬಟ್ಟೆ ಮಾಡಿನ ಕಾರು

ನಂಬೋದು ಕಷ್ಟ, ಆದರೆ ಮಳೆಗೇ ಹೆಸರಾದ ಮ್ಯಾಂಚೆಸ್ಟರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ನಮ್ಮ ಬೆಂಗಳೂರಿಗಿಂತ ಸ್ವಲ್ಪ ಕಡಿಮೆಯೇ. ವ್ಯತ್ಯಾಸ ಏನಂದ್ರೆ, ಬೆಂಗಳೂರಲ್ಲಿ ಸುರಿದು ಹೋಗುತ್ತೆ, ಮರುದಿನ ಬಿಸಿಲು. ಇಲ್ಲಿ ಚಳಿಗಾಲವಿಡೀ ಜಿನುಗುತ್ತಲೇ ಇರುತ್ತೆ. ಡಿಸೆಂಬರ್‌ನಲ್ಲಿ ಸಂಜೆ 4ಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ನೆನೆದದ್ದು ಒಣಗೋದೇ ಇಲ್ಲ. ಇಂಥ ಊರಲ್ಲಿ ಬಟ್ಟೆ ಮಾಡಿನ ಹಳೇ ಕನ್ವರ್ಟಿಬಲ್ ಒಂದನ್ನು ಬೀದಿಯಲ್ಲೇ ನಿಲ್ಲಿಸಿಕೊಂಡು ಮೂರು ಚಳಿಗಾಲ ದಾಟಿಸಿದ್ದೇನೆ.

"ಗಾಡಿಗೊಂದು ಕೊಟ್ಟಿಗೆನೂ ಇಲ್ವೇನೋ ಆ ದೇಶದಲ್ಲಿ?" ಅಂತ ತೀರ್ಥಹಳ್ಳಿಯಿಂದ ಅಮ್ಮ ಕೇಳ್ತಾಳೆ. ನಾವಿರುವ ಚಾರ್ಲ್ಟನ್ ಕಡೆ ಬೀದಿ ತುಂಬ ಕೆಂಪು ಇಟ್ಟಿಗೆಯ ಸಾಲುಮನೆಗಳು, ಕಾರುಗಳು ಬರುವ ಮೊದಲು ಕಟ್ಟಿದವು. ಗ್ಯಾರೇಜ್ ಎಲ್ಲಿಂದ ತರೋದು? ಆದರೆ ಅಮ್ಮ ಮಲೆನಾಡಿನವಳು. ತೇವದ ವಿಷಯ ಅವಳಿಗೆ ಹೇಳಿಕೊಡಬೇಕಿಲ್ಲ. "ಪ್ಲಾಸ್ಟಿಕ್ ಹೊದೆಸಬೇಡ, ಒಳಗೇ ಬೆವೆತು ಬೂಷ್ಟು ಹಿಡಿಯುತ್ತೆ" ಅಂದಳು. ಇಲ್ಲಿನ ಮೆಕ್ಯಾನಿಕ್ ಹೇಳಿದ್ದೂ ಅದನ್ನೇ. ಗಾಳಿಯಾಡುವ ಬಟ್ಟೆಯ ಕವರ್ ಸಿಗುತ್ತೆ ನಿಜ. ಆದರೆ ಗಾಳಿಗೆ ಅದು ಪಟಪಟ ಬಡಿದು ಬಣ್ಣವನ್ನೇ ಉಜ್ಜುತ್ತೆ. ನನ್ನ ಕೇಳಿದ್ರೆ, ಬೀದಿಯಲ್ಲಿ ನಿಲ್ಲುವ ಕಾರಿಗೆ ಕವರ್ ಇಲ್ಲದಿರೋದೇ ವಾಸಿ.

ಅಸಲಿ ಭಯ ಬೇರೆಯದು. ಮಾಡಿನಿಂದ ಇಳಿದ ನೀರು ಸೀಟಿನ ಹಿಂದಿರುವ ಎರಡು ಸಣ್ಣ ತೂತುಗಳ ಮೂಲಕ ರಸ್ತೆಗೆ ಹೋಗಬೇಕು. ಶರತ್ಕಾಲದಲ್ಲಿ ಎಲೆ ಉದುರುವಾಗ ಅವು ಕಟ್ಟಿಕೊಳ್ಳುತ್ತವೆ. ಆಮೇಲೆ ನೀರು ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯೊಳಗೆ ಸೇರಿ, ಒಳಗಿನಿಂದಲೇ ತುಕ್ಕು ತಿನ್ನುತ್ತೆ. ಹೊರಗೆ ಬಣ್ಣ ಉಬ್ಬುವಷ್ಟರಲ್ಲಿ ಕಬ್ಬಿಣ ಹಪ್ಪಳವಾಗಿರುತ್ತೆ! ಮೂರು ವರ್ಷ ದಾಟಿದ ಕಾರಿಗೆ ಇಲ್ಲಿ ಪ್ರತಿ ವರ್ಷ ಎಂಒಟಿ ಪರೀಕ್ಷೆ ಇದೆ. ಆ ಪಟ್ಟಿ ತೀರಾ ಟೊಳ್ಳಾಗಿದ್ದರೆ ಫೇಲ್. ವೆಲ್ಡಿಂಗ್ ಖರ್ಚು ಹಳೇ ಕಾರಿನ ಬೆಲೆಯನ್ನೇ ಮೀರಬಹುದು. ನನ್ನದು ಹದಿನೆಂಟು ವರ್ಷದ್ದು. ಹೋದ ಸಲ ಪಾಸಾಯ್ತು, ಆದರೆ 'ಎಡಗಡೆ ತುಕ್ಕು ಶುರುವಾಗಿದೆ' ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಅಂದಿನಿಂದ ಎರಡು ವಾರಕ್ಕೊಮ್ಮೆ ಆ ತೂತುಗಳಿಗೆ ಒಂದು ಚೊಂಬು ನೀರು ಹೊಯ್ದು, ಕಾರಿನ ಕೆಳಗೆ ಬಗ್ಗಿ ನೋಡ್ತೀನಿ, ತೊಟ್ಟಿಕ್ಕುತ್ತಾ ಅಂತ. ಎದುರುಮನೆ ಅಜ್ಜ ಇದನ್ನು ನಮ್ಮ ಕಡೆಯ ಪೂಜೆ ಅಂದುಕೊಂಡಿದ್ದಾರೆ.

ಉಳಿದದ್ದು ಸಣ್ಣ ಕೆಲಸ. ಮಾಡಿನ ಪಾಚಿಗೆ ಮೆತ್ತನೆಯ ಬ್ರಷ್ ಸಾಕು, ಪ್ರೆಷರ್ ವಾಷರ್ ಹತ್ತಿರ ಸುಳಿಯಬಾರದು. ಒದ್ದೆ ಮಾಡನ್ನು ಮಡಚಿಡಬಾರದು.

ಇಷ್ಟೆಲ್ಲ ಯಾಕೆ ಅಂತೀರಾ? ಜನವರಿಯಲ್ಲಿ ಒಂದೋ ಎರಡೋ ಭಾನುವಾರ ಆಕಾಶ ತೊಳೆದಿಟ್ಟ ಹಾಗಿರುತ್ತೆ. ಉಣ್ಣೆ ಟೋಪಿ ಹಾಕಿ, ಹೀಟರ್ ಗಾಳಿ ಕಾಲಿಗೆ ತಿರುಗಿಸಿ, ಮಾಡು ತೆರೆದು ಗ್ಲಾಸಪ್ ದಾಟಿ ಸ್ನೇಕ್ ಪಾಸ್ ಹತ್ತುತ್ತೇವೆ. 512 ಮೀಟರ್ ಎತ್ತರ, ಎರಡೂ ಕಡೆ ಕಂದು ಬಯಲು, ಅಲ್ಲಲ್ಲಿ ಕುರಿ. ಮೂಗು ಮರಗಟ್ಟಿದರೂ ನನ್ನವಳು "ಮುಚ್ಚಬೇಡ, ಇನ್ನೊಂದು ತಿರುವು" ಅಂತಾಳೆ. ಕಾರು ಮಾರುವ ಮಾತೆತ್ತಿದವಳೂ ಅವಳೇ.

ಬಂದ ಮೇಲೆ ಪೈಪ್ ಎಳೆದು ಕಾರಿನ ಹೊಟ್ಟೆ ತೊಳೀಬೇಕು. ಮಂಜುಗಟ್ಟದಿರಲಿ ಅಂತ ರಸ್ತೆಗೆ ಉಪ್ಪು ಎರಚಿರ್ತಾರೆ. ಅಷ್ಟರಲ್ಲಿ ಸಾಮಾನ್ಯವಾಗಿ ಮಳೆ ಶುರುವಾಗಿರುತ್ತೆ.